ಗ್ರಂಥದ ಸ್ಪಷ್ಟತೆ ಮತ್ತು ಪರ್ಯಾಪ್ತತೆ: ಪ್ರಾಟೆಸ್ಟಂಟ್–ಕಥೋಲಿಕ ಚರ್ಚೆ ಮತ್ತು ಕನ್ನಡ ನಾಡು

ಬೈಬಲನ್ನು ಓದಿದವರಿಗೆ ಅದರ ಮುಖ್ಯ ಬೋಧನೆ ತಾನಾಗಿಯೇ ತಿಳಿಯುತ್ತದೆಯೇ? ರಕ್ಷಣೆಗೆ ಬೇಕಾದುದೆಲ್ಲ ಆ ಗ್ರಂಥದಲ್ಲಿಯೇ ಇದೆಯೇ? ಕ್ರೈಸ್ತ ದೇವಶಾಸ್ತ್ರದಲ್ಲಿ ಮೊದಲನೆಯದನ್ನು ಗ್ರಂಥದ ಸ್ಪಷ್ಟತೆಯ ಪ್ರಶ್ನೆ ಎಂದೂ ಎರಡನೆಯದನ್ನು ಪರ್ಯಾಪ್ತತೆಯ ಪ್ರಶ್ನೆ ಎಂದೂ ಕರೆಯುತ್ತಾರೆ. 16ನೆಯ ಶತಮಾನದ ಧರ್ಮಸುಧಾರಣೆಯ ಕಾಲದಿಂದ ಪ್ರಾಟೆಸ್ಟಂಟರನ್ನೂ ರೋಮನ್ ಕಥೋಲಿಕರನ್ನೂ ಬೇರ್ಪಡಿಸಿದ ವಾದಗಳಲ್ಲಿ ಇವು ಮುಖ್ಯವಾದವು. ಕನ್ನಡ ನಾಡಿನಲ್ಲಿ ಈ ವಾದ 19ನೆಯ ಶತಮಾನದ ಆರಂಭದಲ್ಲಿ, ಬೈಬಲಿನ ಕನ್ನಡ ಅನುವಾದದ ಜೊತೆಯಲ್ಲಿಯೇ ಕಾಣಿಸಿಕೊಂಡಿತು. ಒಂದು ಕಡೆ ಬಳ್ಳಾರಿಯ ಪ್ರಾಟೆಸ್ಟಂಟ್ ಅನುವಾದಕರು ಇದ್ದರು. ಇನ್ನೊಂದು ಕಡೆ ಶ್ರೀರಂಗಪಟ್ಟಣ ಮತ್ತು ಹಾಸನದ ಸಾತಳ್ಳಿ ಸೀಮೆಯಲ್ಲಿ ದುಡಿದ ಫ್ರೆಂಚ್ ಕಥೋಲಿಕ ಗುರು ಅಬ್ಬೆ ದುಬ್ವಾ ಇದ್ದರು. ಸಾತಳ್ಳಿ ಸೀಮೆ ಇಂದು ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಎರಡೂ ಪರಂಪರೆಯ ಕುಟುಂಬಗಳು ಅಕ್ಕಪಕ್ಕದಲ್ಲಿಯೇ ಬಾಳುತ್ತಿರುವುದರಿಂದ ಈ ಚರ್ಚೆಯ ಇತಿಹಾಸಕ್ಕೆ ಇಲ್ಲಿ ಸ್ಥಳೀಯ ಅರ್ಥವೂ ಉಂಟು.

ಪದಗಳ ಅರ್ಥ

ಸ್ಪಷ್ಟತೆ ಎಂದರೆ ಬೈಬಲಿನ ಪ್ರತಿಯೊಂದು ವಾಕ್ಯವೂ ಸುಲಭ ಎಂದಲ್ಲ. ಪ್ರವಾದಿಗಳ ಕನಸುಗಳು, ಪ್ರಕಟನೆ ಗ್ರಂಥದ ಸಂಕೇತಗಳು, ಪೌಲನ ಪತ್ರಗಳ ಬಿಗಿಯಾದ ತರ್ಕ ಇವೆಲ್ಲ ಕಷ್ಟ ಎಂಬುದನ್ನು ಪ್ರಾಟೆಸ್ಟಂಟ್ ಪಂಡಿತರು ಎಂದೂ ಅಲ್ಲಗಳೆದಿಲ್ಲ. ರಕ್ಷಣೆಗೆ ಅಗತ್ಯವಾದ ವಿಷಯ ಒಂದಲ್ಲ ಒಂದು ಕಡೆ ತಿಳಿಯಾಗಿ ಹೇಳಲ್ಪಟ್ಟಿದೆ, ಪಂಡಿತರಲ್ಲದವರೂ ಪ್ರಾರ್ಥನೆಯಿಂದ, ಬೋಧನೆಯ ಸಾಮಾನ್ಯ ನೆರವಿನಿಂದ ಅದನ್ನು ತಿಳಿಯಬಲ್ಲರು ಎಂಬುದು ಅವರ ನಿಲುವು. 1646ರಲ್ಲಿ ರೂಪುಗೊಂಡ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ ಮೊದಲನೆಯ ಅಧ್ಯಾಯ ಇದನ್ನು ಅಳೆದು ತೂಗಿದ ಮಾತುಗಳಲ್ಲಿ ಹೇಳುತ್ತದೆ.

ಪರ್ಯಾಪ್ತತೆಯಲ್ಲಿ ಎರಡು ಬಗೆಯನ್ನು ಗುರುತಿಸುವುದುಂಟು. ರಕ್ಷಣೆಗೆ ಬೇಕಾದ ಸತ್ಯಗಳೆಲ್ಲ ಬೀಜರೂಪದಲ್ಲಾದರೂ ಗ್ರಂಥದಲ್ಲಿ ಇವೆ ಎನ್ನುವುದು ವಸ್ತುವಿನ ಪರ್ಯಾಪ್ತತೆ. ಆ ಸತ್ಯಗಳನ್ನು ತಿಳಿಯಲು ಗ್ರಂಥದ ಹೊರಗೆ ಅಧಿಕಾರವುಳ್ಳ ಇನ್ನೊಬ್ಬ ವ್ಯಾಖ್ಯಾನಕಾರ ಬೇಕಿಲ್ಲ ಎನ್ನುವುದು ರೂಪದ ಪರ್ಯಾಪ್ತತೆ. ಮೊದಲನೆಯದನ್ನು ಒಪ್ಪುವ ಕಥೋಲಿಕ ದೇವಶಾಸ್ತ್ರಜ್ಞರು ಅನೇಕರಿದ್ದಾರೆ. 20ನೆಯ ಶತಮಾನದ ಫ್ರೆಂಚ್ ದೇವಶಾಸ್ತ್ರಜ್ಞ ಈವ್ ಕೊಂಗಾರ್ ಅವರಲ್ಲಿ ಪ್ರಮುಖರು. ನಿಜವಾದ ಭಿನ್ನತೆ ಇರುವುದು ಎರಡನೆಯದರಲ್ಲಿ.

ಯುರೋಪಿನಲ್ಲಿ ಹುಟ್ಟು

1519ರ ಲೈಪ್‌ಜಿಗ್ ವಾದಸಭೆಯಲ್ಲಿ ಯೋಹಾನ್ ಎಕ್ ಎಂಬ ಕಥೋಲಿಕ ಪಂಡಿತ ಮಾರ್ಟಿನ್ ಲೂಥರನನ್ನು ಒತ್ತಾಯದ ಪ್ರಶ್ನೆಗಳಿಂದ ಮೂಲೆಗೆ ತಳ್ಳಿದ. ಪೋಪರಷ್ಟೇ ಅಲ್ಲ, ಧರ್ಮಸಭೆಯ ಮಹಾಸಮ್ಮೇಳನಗಳೂ ತಪ್ಪಬಹುದು ಎಂದು ಲೂಥರ್ ಅಲ್ಲಿ ಹೇಳಬೇಕಾಯಿತು. 1521ರ ಏಪ್ರಿಲ್‌ನಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಂತಾಗ, ಗ್ರಂಥದ ಆಧಾರದಿಂದ ಅಥವಾ ಸ್ಪಷ್ಟವಾದ ತರ್ಕದಿಂದ ತನ್ನ ತಪ್ಪನ್ನು ತೋರಿಸದ ಹೊರತು ಹಿಂದೆಗೆಯಲಾರೆ ಎಂದ. ಮರುವರ್ಷ ಅವನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಇಡೀ ಬೈಬಲ್ 1534ರಲ್ಲಿ ಬಂತು. 1522ರಲ್ಲಿಯೇ ಜ್ಯೂರಿಕ್‌ನ ಉಲ್ರಿಕ್ ಜ್ವಿಂಗ್ಲಿ ದೇವರ ವಾಕ್ಯದ ಸ್ಪಷ್ಟತೆ ಮತ್ತು ನಿಶ್ಚಿತತೆಯ ಮೇಲೆ ಒಂದು ಪ್ರವಚನವನ್ನು ಪ್ರಕಟಿಸಿದ್ದ.

ಎರಾಸ್ಮಸ್ ಮತ್ತು ಲೂಥರರ ನಡುವಿನ ವಾದ ಈ ಚರ್ಚೆಯನ್ನು ಆಳಕ್ಕೆ ಕೊಂಡೊಯ್ದಿತು. ಬೈಬಲಿನಲ್ಲಿ ಮನುಷ್ಯಬುದ್ಧಿ ಹೊಕ್ಕಷ್ಟೂ ಕತ್ತಲಾಗುವ ಜಾಗಗಳಿವೆ, ಅಲ್ಲಿ ವಿನಯದಿಂದ ನಿಲ್ಲಬೇಕು ಎಂದು 1524ರಲ್ಲಿ ಎರಾಸ್ಮಸ್ ಬರೆದ. 1525ರಲ್ಲಿ ಲೂಥರ್ ಉತ್ತರಿಸುತ್ತ ಎರಡು ಬಗೆಯ ಸ್ಪಷ್ಟತೆಯನ್ನು ಬೇರ್ಪಡಿಸಿದ. ಮಾತಿನ ಅರ್ಥ ಎಲ್ಲರಿಗೂ ತೆರೆದಿರುವುದು ಹೊರಗಿನ ಸ್ಪಷ್ಟತೆ. ಆ ಮಾತು ಹೃದಯಕ್ಕೆ ತಾಕಿ ನಂಬಿಕೆಯಾಗುವುದು ಒಳಗಿನ ಸ್ಪಷ್ಟತೆ, ಅದು ಪವಿತ್ರಾತ್ಮನ ಕೆಲಸ. ಕತ್ತಲೆ ಗ್ರಂಥದಲ್ಲಿಲ್ಲ, ಓದುವ ಮನುಷ್ಯನಲ್ಲಿದೆ ಎಂಬುದು ಅವನ ಉತ್ತರದ ತಿರುಳು.

ಆದರೆ 1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಮುಖಾಮುಖಿಯಾದಾಗ, ಕಡೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ಕೊಟ್ಟು ಆಡಿದ ಪುಟ್ಟ ಮಾತಿನ ಅರ್ಥದ ಬಗ್ಗೆಯೇ ಇಬ್ಬರೂ ಒಪ್ಪಲಿಲ್ಲ. ಗ್ರಂಥ ಅಷ್ಟು ತಿಳಿಯಾಗಿದ್ದರೆ ಅದನ್ನೇ ನೆಚ್ಚಿದ ಇಬ್ಬರು ಹೀಗೇಕೆ ಬೇರೆಯಾದರು ಎಂದು ಕಥೋಲಿಕರು ಅಂದಿನಿಂದ ಕೇಳುತ್ತಲೇ ಬಂದಿದ್ದಾರೆ.

ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ತನ್ನ ತೀರ್ಪನ್ನು ಕೊಟ್ಟಿತು. ಬರೆದ ಗ್ರಂಥಗಳನ್ನೂ ಪ್ರೇಷಿತರಿಂದ ಬಾಯಿಂದ ಬಾಯಿಗೆ ಬಂದ ಪರಂಪರೆಗಳನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸಬೇಕು. ನಂಬಿಕೆ ಮತ್ತು ನಡತೆಯ ವಿಷಯದಲ್ಲಿ ಧರ್ಮಸಭೆ ಹಿಡಿದ ಅರ್ಥಕ್ಕೆ ವಿರುದ್ಧವಾಗಿ ಯಾರೂ ಗ್ರಂಥವನ್ನು ತಿರುಚಬಾರದು. ಲತೀನಿನ ವುಲ್ಗಾತ ಪಾಠ ಪ್ರಮಾಣ. ಸತ್ಯವು ಅಂಶತಃ ಗ್ರಂಥದಲ್ಲಿ, ಅಂಶತಃ ಪರಂಪರೆಯಲ್ಲಿ ಇದೆ ಎಂದಿದ್ದ ಕರಡನ್ನು ತಿದ್ದಿ ಕೊನೆಯಲ್ಲಿ ‘ಗ್ರಂಥದಲ್ಲಿ ಮತ್ತು ಪರಂಪರೆಯಲ್ಲಿ’ ಎಂಬ ಅರ್ಥದ ರೂಪವನ್ನು ಇಟ್ಟರು. ಈ ಪುಟ್ಟ ಬದಲಾವಣೆಯಿಂದ ವಸ್ತುವಿನ ಪರ್ಯಾಪ್ತತೆಯ ಬಾಗಿಲು ಮುಚ್ಚಲಿಲ್ಲ ಎಂದು ಜರ್ಮನ್ ದೇವಶಾಸ್ತ್ರಜ್ಞ ಗೈಸೆಲ್‌ಮನ್ 20ನೆಯ ಶತಮಾನದಲ್ಲಿ ವಾದಿಸಿದರು.

ವಾದ ಮತ್ತು ಪ್ರತಿವಾದ

ಕಥೋಲಿಕ ಪಕ್ಷದ ವಾದವನ್ನು ಅತ್ಯಂತ ಕ್ರಮಬದ್ಧವಾಗಿ ಮಂಡಿಸಿದವರು ಯೇಸುಸಭೆಯ ರಾಬರ್ಟ್ ಬೆಲ್ಲಾರ್ಮೀನ್. 1586ರಿಂದ ಹೊರಬಂದ ಅವರ ವಾದಸಂಪುಟಗಳು ದೇವರ ವಾಕ್ಯದ ವಿಷಯದಿಂದಲೇ ಆರಂಭವಾಗುತ್ತವೆ. 1588ರಲ್ಲಿ ಕೇಂಬ್ರಿಜ್‌ನ ವಿಲಿಯಂ ವಿಟೇಕರ್ ಅದಕ್ಕೆ ಉತ್ತರ ಬರೆದರು. ಮುಂದಿನ ಶತಮಾನಗಳ ವಾದಗಳು ಬಹುಮಟ್ಟಿಗೆ ಈ ಇಬ್ಬರು ಹಾಕಿಕೊಟ್ಟ ದಾರಿಯಲ್ಲಿಯೇ ಸಾಗಿದವು.

ಇಬ್ಬರೂ ಬೈಬಲಿನಿಂದಲೇ ಆಧಾರ ಕೊಡುತ್ತಾರೆ. ಮೋಶೆಯ ಆಜ್ಞೆ ದೂರದ ಆಕಾಶದಲ್ಲಿಲ್ಲ, ಕೇಳುವವರ ಬಾಯಲ್ಲಿ ಹೃದಯದಲ್ಲಿಯೇ ಇದೆ ಎನ್ನುವ ಧರ್ಮೋಪದೇಶಕಾಂಡದ 30ನೆಯ ಅಧ್ಯಾಯ ಪ್ರಾಟೆಸ್ಟಂಟರಿಗೆ ಪ್ರಿಯ. ಪೌಲ ಹೇಳಿದ್ದು ನಿಜವೇ ಎಂದು ದಿನವೂ ಗ್ರಂಥ ತೆರೆದು ನೋಡಿದ ಬೆರೋಯದ ಜನ, ಗ್ರಂಥ ದೇವಭಕ್ತನನ್ನು ಸನ್ನದ್ಧನನ್ನಾಗಿಸುತ್ತದೆ ಎಂಬ ತಿಮೊಥೆಯ ಎರಡನೆಯ ಪತ್ರದ ಮಾತು ಇವೂ ಅವರ ಮುಖ್ಯ ಆಧಾರಗಳು. ಕಥೋಲಿಕರು ತೋರಿಸುವ ಭಾಗಗಳು ಬೇರೆ. ಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿಸಿದ್ದನ್ನು ಹಿಡಿದುಕೊಳ್ಳಿ ಎಂದು ಪೌಲ ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರ ಒಂದು. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದುವು ಇವೆ, ಕೆಲವರು ಅವನ್ನು ತಿರುಚುತ್ತಾರೆ ಎನ್ನುವ ಪೇತ್ರನ ಎರಡನೆಯ ಪತ್ರ ಇನ್ನೊಂದು. ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪಿಯದ ಅಧಿಕಾರಿ, ಯಾರಾದರೂ ದಾರಿ ತೋರದೆ ತನಗೆ ಹೇಗೆ ತಿಳಿದೀತು ಎಂದು ಫಿಲಿಪ್ಪನನ್ನು ಕೇಳಿದ ಪ್ರಸಂಗ ಮತ್ತೊಂದು.

ಗ್ರಂಥಗಳ ಪಟ್ಟಿಯೂ ವಾದದ ವಿಷಯವಾಯಿತು. ಪ್ರಾಟೆಸ್ಟಂಟ್ ಬೈಬಲಿನಲ್ಲಿ 66 ಗ್ರಂಥಗಳು, ಕಥೋಲಿಕ ಬೈಬಲಿನಲ್ಲಿ 73. ಯಾವ ಗ್ರಂಥಗಳು ಬೈಬಲಿಗೆ ಸೇರಬೇಕು ಎಂಬ ಪಟ್ಟಿ ಬೈಬಲಿನೊಳಗೆ ಇಲ್ಲ. ಆ ಪಟ್ಟಿಯನ್ನು ಧರ್ಮಸಭೆಯಿಂದ ಪಡೆದ ಮೇಲೆ ಅದೇ ಧರ್ಮಸಭೆಯ ವ್ಯಾಖ್ಯಾನವನ್ನು ಬೇಡವೆನ್ನುವುದು ಹೇಗೆ ಎಂಬುದು ಕಥೋಲಿಕರ ಬಲವಾದ ಪ್ರಶ್ನೆ. ಧರ್ಮಸಭೆ ಗ್ರಂಥವನ್ನು ಗುರುತಿಸಿತೇ ಹೊರತು ಗ್ರಂಥಕ್ಕೆ ಅಧಿಕಾರವನ್ನು ಕೊಡಲಿಲ್ಲ, ರಾಜನನ್ನು ಗುರುತಿಸಿದ ಪ್ರಜೆ ರಾಜನಿಗಿಂತ ಮೇಲಿನವನಾಗುವುದಿಲ್ಲ ಎಂಬುದು ಪ್ರಾಟೆಸ್ಟಂಟರ ಅಷ್ಟೇ ಬಲವಾದ ಉತ್ತರ.

ಕನ್ನಡ ನಾಡಿಗೆ ಬಂದ ಎರಡು ದಾರಿಗಳು

ಬೈಬಲಿನ ಕಥೆ ಪಶ್ಚಿಮ ಕರಾವಳಿಯ ಜನರಿಗೆ ಮೊದಲು ಮುಟ್ಟಿದ್ದು ಅನುವಾದವಾಗಿ ಅಲ್ಲ, ಪುರಾಣವಾಗಿ. ಗೋವೆಯ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಮರಾಠಿ ಓವಿಗಳಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ಹಳೆಯ ಪುರಾಣಗಳನ್ನು ಬಿಟ್ಟ ಹೊಸ ಕ್ರೈಸ್ತರಿಗೆ ಓದಲು ತಮ್ಮದೆಂಬ ಒಂದು ಕೃತಿ ಬೇಕಿತ್ತು. ಗುರು ಆರಿಸಿ, ಜೋಡಿಸಿ, ವಿವರಿಸಿ, ಹಾಡಲು ಬರುವಂತೆ ಕೊಟ್ಟ ಬೈಬಲ್ ಅದು. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಅದನ್ನು ಹಾಡುವ ರೂಢಿ ಬಹುಕಾಲ ಉಳಿಯಿತು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು.

ಪ್ರಾಟೆಸ್ಟಂಟರ ದಾರಿ ಇದಕ್ಕೆ ವಿರುದ್ಧ ದಿಕ್ಕಿನದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಮೊದಲ ಕೆಲಸವಾಗಿ ಕನ್ನಡ ಕಲಿತು ಅನುವಾದಕ್ಕೆ ಕುಳಿತರು. ಅವರ ಹೊಸ ಒಡಂಬಡಿಕೆ 1820ರ ದಶಕದ ಆರಂಭದಲ್ಲಿ ಅಚ್ಚಾಯಿತು. ಅದೇ ಕಾಲಕ್ಕೆ ಬಂಗಾಳದ ಶ್ರೀರಾಮಪುರದ ವಿಲಿಯಂ ಕೇರಿಯ ಬಳಗದಿಂದಲೂ ಕನ್ನಡ ಹೊಸ ಒಡಂಬಡಿಕೆ ಬಂತು. ಹ್ಯಾಂಡ್ಸ್ ಮತ್ತು ಅವರ ಸಂಗಡಿಗ ವಿಲಿಯಂ ರೀವ್ ದುಡಿದ ಇಡೀ ಬೈಬಲ್ 1830ರ ದಶಕದ ಆರಂಭಕ್ಕೆ ಪೂರ್ಣವಾಯಿತು. ಗ್ರಂಥ ತಾನೇ ಮಾತಾಡಬಲ್ಲದು ಎಂಬ ನಂಬಿಕೆ ಇರದಿದ್ದರೆ, ಓದುಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಇಪ್ಪತ್ತು ವರ್ಷದ ಈ ದುಡಿಮೆ ಸಾಧ್ಯವಾಗುತ್ತಿರಲಿಲ್ಲ. 1804ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಗಿದ್ದ ಬೈಬಲ್ ಸೊಸೈಟಿ, ಟಿಪ್ಪಣಿಯಿಲ್ಲದ ಬರಿಯ ಪಾಠವನ್ನೇ ಹಂಚಬೇಕೆಂಬ ನಿಯಮವನ್ನೇ ಇಟ್ಟುಕೊಂಡಿತ್ತು. ಟಿಪ್ಪಣಿ ಸೇರಿದರೆ ಯಾವುದೋ ಒಂದು ಪಂಗಡದ ಬೋಧನೆ ಸೇರೀತು ಎಂಬುದು ಅದಕ್ಕೆ ಕಾರಣ.

ದೊಡ್ಡ ಸ್ವಾಮಿಯವರ ಆಕ್ಷೇಪ

ಇಂಥ ಬರಿಯ ಪಾಠದ ಹಂಚಿಕೆಯನ್ನು ಕಟುವಾಗಿ ವಿರೋಧಿಸಿದವರು ಅಬ್ಬೆ ಜಾನ್ ಆಂತ್ವಾನ್ ದುಬ್ವಾ. ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಈ ಗುರು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚೆದುರಿದ ಕಥೋಲಿಕರನ್ನು ಮತ್ತೆ ಒಟ್ಟುಗೂಡಿಸಿದರು. ಸಾತಳ್ಳಿಯಲ್ಲಿ ರೈತಾಪಿ ಕುಟುಂಬಗಳ ನೆಲೆಯನ್ನು ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಿದರು. ಈ ನಾಡಿನ ಉಡುಗೆ ತೊಟ್ಟು, ಈ ನಾಡಿನ ಊಟದ ಕ್ರಮವನ್ನು ಹಿಡಿದು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಬಂದು ಬಹಳ ಪ್ರಸಿದ್ಧವಾಯಿತು.

ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಅವರು ಭಾರತವನ್ನು ಬಿಟ್ಟು ಪ್ಯಾರಿಸ್‌ಗೆ ಮರಳಿದ್ದರು. ಭಾರತೀಯರ ಮತಾಂತರ ಇನ್ನು ಅಸಾಧ್ಯ ಎಂಬ ನಿರಾಶೆ ಆ ಪುಸ್ತಕದ ಉದ್ದಕ್ಕೂ ಇದೆ. ಅದರೊಳಗೆ ಬೈಬಲ್ ಅನುವಾದದ ಮೇಲಿನ ಟೀಕೆಗೆ ದೊಡ್ಡ ಪಾಲು. ದುಬ್ವಾ ಅವರ ಮಾತಿನ ಸಾರ ಹೀಗಿದೆ: ನುಡಿಯ ಒಳಮರ್ಮ ತಿಳಿಯದ ಪರದೇಶಿಯರು ಪದಕ್ಕೆ ಪದ ಇಟ್ಟು ಮಾಡುವ ಅನುವಾದ, ಇಂಪಾದ ಕಾವ್ಯಕ್ಕೆ ಒಗ್ಗಿದ ಕಿವಿಗಳಿಗೆ ಒರಟಾಗಿ ಕೇಳಿಸುತ್ತದೆ. ಮುನ್ನುಡಿಯಿಲ್ಲದೆ, ಗುರುವಿಲ್ಲದೆ ಕೈಗೆ ಬಂದ ಗ್ರಂಥ ತಿಳಿವಳಿಕೆಯ ಬದಲು ಅಸಹ್ಯವನ್ನು ಹುಟ್ಟಿಸುತ್ತದೆ. ಮೊದಲು ಬೋಧನೆ ಆಗಬೇಕು, ಗ್ರಂಥ ಆಮೇಲೆ ಬರಬೇಕು.

ಇದಕ್ಕೆ ಅವರು ತಮ್ಮ ಅನುಭವದಿಂದ ಒಂದು ನಿದರ್ಶನ ಕೊಡುತ್ತಾರೆ. ದುಂದುಗಾರ ಮಗನ ಸಾಮತಿಯನ್ನು ಕುರಿತು ಉಪದೇಶ ಮಾಡುವಾಗ, ಮಗ ಮರಳಿ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದ ಮಾತು ಬಂತು. ಉಪದೇಶ ಮುಗಿದ ಮೇಲೆ ಕ್ರೈಸ್ತರೇ ಬಂದು, ಕರುವಿನ ಮಾತು ಬೇಡವಾಗಿತ್ತು, ಇನ್ನು ಮುಂದೆ ಕುರಿ ಎಂದು ಹೇಳಿ ಎಂದು ಬೇಡಿಕೊಂಡರು. ಕಥೆಯ ಒಡಲಲ್ಲಿರುವುದು ತಂದೆಯ ಕ್ಷಮೆ. ಕನ್ನಡ ಸೀಮೆಯ ಕಿವಿಗೆ ಮೊದಲು ಬಿದ್ದದ್ದು ಕರುವಿನ ಸಾವು. ಮೂಲಪಾಠ ಎಷ್ಟೇ ತಿಳಿಯಾಗಿದ್ದರೂ ಕೇಳುವವರ ಬದುಕನ್ನು ಹಾಯ್ದು ಬರುವಾಗ ಅರ್ಥದ ಬಣ್ಣ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯುರೋಪಿನ ವಾದಗ್ರಂಥಗಳಲ್ಲಿಯೂ ಸಿಗುವುದು ಕಷ್ಟ.

ಉತ್ತರಗಳು ಬೇಗನೆ ಬಂದವು. 1824ರಲ್ಲಿಯೇ ಬಂಗಾಳದಲ್ಲಿ ದುಡಿದಿದ್ದ ಹೆನ್ರಿ ಟೌನ್ಲಿ, ಪಾಳಯಂಕೋಟೆಯಲ್ಲಿ ಆಂಗ್ಲಿಕನ್ ಚಾಪ್ಲೇನ್ ಆಗಿದ್ದ ಜೇಮ್ಸ್ ಹಫ್ ಬೇರೆ ಬೇರೆಯಾಗಿ ಪುಸ್ತಕ ಬರೆದರು. ಅನುವಾದದಲ್ಲಿ ದೋಷವಿದ್ದರೆ ತಿದ್ದಬಹುದು, ದೋಷವಿದೆಯೆಂದು ಜನರಿಂದ ಗ್ರಂಥವನ್ನೇ ಮರೆಮಾಡುವುದು ಸಲ್ಲದು ಎಂಬ ದಿಕ್ಕಿನಲ್ಲಿ ಪ್ರಾಟೆಸ್ಟಂಟರ ಸಮರ್ಥನೆ ಸಾಗಿತು. ಇದೇ 1824ರಲ್ಲಿ ಪೋಪ್ 12ನೆಯ ಲಿಯೊ ಬೈಬಲ್ ಸೊಸೈಟಿಗಳನ್ನು ಖಂಡಿಸಿ ಪರಿಪತ್ರ ಹೊರಡಿಸಿದರು. ಜನಭಾಷೆಯಲ್ಲಿ ಬೈಬಲ್ ಓದಲು 1564ರ ನಿಯಮದಂತೆ ಅನುಮತಿ ಬೇಕಿತ್ತು. 1757ರಲ್ಲಿ ಆ ನಿಯಮ ಸಡಿಲಗೊಂಡು, ಒಪ್ಪಿಗೆ ಪಡೆದ, ಟಿಪ್ಪಣಿಯುಳ್ಳ ಅನುವಾದಗಳಿಗೆ ಅವಕಾಶ ಸಿಕ್ಕಿತ್ತು. ಹಾಗಾಗಿ ಕಥೋಲಿಕರಿಗೆ ಬೈಬಲ್ ಓದುವುದೇ ನಿಷಿದ್ಧವಾಗಿತ್ತು ಎಂಬ ಸಾಮಾನ್ಯ ಮಾತು ಪೂರ್ತಿ ಸರಿಯಲ್ಲ. ಟಿಪ್ಪಣಿಯಿಲ್ಲದ ಓದಿನ ಬಗ್ಗೆ ರೋಮಿಗೆ ಆಳವಾದ ಅನುಮಾನವಿತ್ತು ಎಂಬುದು ಮಾತ್ರ ನಿಜ.

ಬಾಸೆಲ್ ಮಿಷನ್: ಗ್ರಂಥದ ಸುತ್ತ ಕಟ್ಟಿದ ಲೋಕ

1834ರಲ್ಲಿ ಸ್ಯಾಮುಯೆಲ್ ಹೆಬಿಕ್, ಲೆನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದರು. ಲೂಥರನ್ ಮತ್ತು ಸುಧಾರಿತ ಸಭೆಗಳೆರಡರ ಭಕ್ತಿಪಂಥದಿಂದ ಹುಟ್ಟಿದ ಬಾಸೆಲ್ ಮಿಷನ್ನಿಗೆ ಗ್ರಂಥದ ಸ್ಪಷ್ಟತೆ ವಾದವಲ್ಲ, ದಿನಚರಿ. 1841ರಲ್ಲಿ ಮಂಗಳೂರಿನಲ್ಲಿ ಅವರ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದರು. 1847ರಲ್ಲಿ ತುಳು ಹೊಸ ಒಡಂಬಡಿಕೆ ಬಂತು. ಹ್ಯಾಂಡ್ಸ್ ಅವರ ಕನ್ನಡ ಬೈಬಲನ್ನು ತಿದ್ದುವ ಕೆಲಸಕ್ಕೆ ಗಾಟ್‌ಫ್ರೀಡ್ ವೈಗ್ಲೆ ತಮ್ಮನ್ನು ತೆತ್ತುಕೊಂಡು 1855ರಲ್ಲಿ ತೀರಿಕೊಂಡರು. ಪರಿಷ್ಕೃತ ಬೈಬಲ್ 1860ರ ದಶಕದಲ್ಲಿ ಪೂರ್ಣಗೊಂಡಿತು. ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಛಂದಸ್ಸಿನಲ್ಲಿ ಬರೆದರು. 1894ರಲ್ಲಿ ಅವರ ಮಹಾನಿಘಂಟು ಹೊರಬಂತು.

ಈ ಕೆಲಸಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಗ್ರಂಥವೊಂದೇ ಸಾಕು ಎಂದು ಹೇಳಿದವರೇ ಆ ಗ್ರಂಥದ ಸುತ್ತ ಶಾಲೆ, ವ್ಯಾಕರಣ, ನಿಘಂಟು, ಪ್ರಶ್ನೋತ್ತರಮಾಲೆ, ಕೀರ್ತನೆ ಪುಸ್ತಕ, ಉಪದೇಶಿಗಳ ತರಬೇತಿ ಎಲ್ಲವನ್ನೂ ಕಟ್ಟಿದರು. ಕಿಟೆಲ್ ಅವರ ಪದ್ಯಕೃತಿಗೂ ಸ್ಟೀಫನ್ಸರ ಪುರಾಣಕ್ಕೂ ಕಾಲ ಬೇರೆ, ಸಭೆ ಬೇರೆ, ಉದ್ದೇಶ ಮಾತ್ರ ಹತ್ತಿರದ್ದು: ಈ ನಾಡಿನ ಕಿವಿಗೆ ಒಗ್ಗುವ ರೂಪವನ್ನು ಹುಡುಕುವುದು. ದುಬ್ವಾ ಎತ್ತಿದ ಆಕ್ಷೇಪಕ್ಕೆ ನಿಜವಾದ ಉತ್ತರ ಲಂಡನ್ನಿನ ವಾದಪುಸ್ತಕಗಳಿಂದ ಬಂದದ್ದಲ್ಲ. ಕನ್ನಡವನ್ನು ಬೇರುಮಟ್ಟ ಕಲಿತು ಅನುವಾದವನ್ನು ಮತ್ತೆ ಮತ್ತೆ ತಿದ್ದಿದ ಇಂಥವರ ದುಡಿಮೆಯಿಂದ ಬಂತು. ಮೊದಲ ಅನುವಾದ ಸಾಲದು ಎಂದು ತಿದ್ದುವಾಗಲೆಲ್ಲ ಪ್ರಾಟೆಸ್ಟಂಟರು ದುಬ್ವಾ ಅವರ ಮಾತಿನ ಒಂದು ಭಾಗವನ್ನು ಒಪ್ಪಿಕೊಂಡಂತೆಯೂ ಆಯಿತು.

ಕಾಫಿ ಸೀಮೆಯಲ್ಲಿ

19ನೆಯ ಶತಮಾನದಲ್ಲಿ ಚಿಕ್ಕಮಗಳೂರು, ಮೂಡಿಗೆರೆಯ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬಿದಾಗ ಈ ಎರಡೂ ಪರಂಪರೆಗಳು ಘಟ್ಟ ಹತ್ತಿದವು. ಚಾರ್ಮಾಡಿ ದಾರಿಯಾಗಿ ಮಂಗಳೂರು ಕಡೆಯ ಕೊಂಕಣಿ ಕಥೋಲಿಕರು ತೋಟದ ಮಾಲೀಕರಾಗಿ, ರೈಟರುಗಳಾಗಿ, ಕೆಲಸಗಾರರಾಗಿ ಬಂದರು. ಬಯಲು ಸೀಮೆಯ ಕನ್ನಡ ಕಥೋಲಿಕರೂ ತಮಿಳು ಕೂಲಿಕಾರರೂ ಸೇರಿಕೊಂಡರು. ಬ್ರಿಟಿಷ್ ಪ್ಲಾಂಟರುಗಳ ಜೊತೆ ಆಂಗ್ಲಿಕನ್ ಆರಾಧನೆ ಬಂತು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ವೆಸ್ಲಿಯನ್ ಮೆಥಡಿಸ್ಟರು ಹಾಸನ, ಚಿಕ್ಕಮಗಳೂರಿನ ಕಡೆಗೂ ಶಾಲೆ ಮತ್ತು ಸುವಾರ್ತೆಯನ್ನು ತಂದರು. ಮುಂದೆ ಕೇರಳದಿಂದ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಗೆ ಬಂದ ಸುರಿಯಾನಿ ಕ್ರೈಸ್ತರು ಮೂರನೆಯ ನಿಲುವೊಂದನ್ನು ತಂದರು: ಗ್ರಂಥವನ್ನು ಆದಿಪಿತೃಗಳ ಬೋಧನೆ ಮತ್ತು ಪೂಜಾಕ್ರಮದ ಒಳಗಿನಿಂದಲೇ ಓದಬೇಕು ಎನ್ನುವುದು.

ತೋಟದ ಬದುಕಿನಲ್ಲಿ ಈ ಭಿನ್ನತೆ ಕಾಣಿಸಿದ್ದು ದಿನದ ರೂಢಿಗಳಲ್ಲಿ. ಮಳೆಗಾಲದಲ್ಲಿ ದಾರಿ ಕಡಿಯುವ ಈ ಸೀಮೆಯಲ್ಲಿ ಗುರುಗಳು ದೂರದ ತೋಟಕ್ಕೆ ಬಲಿಪೂಜೆಗೆ ಬರುವುದು ಅಪರೂಪ. ಕಥೋಲಿಕ ಮನೆಯಲ್ಲಿ ಸಂಜೆಯ ಜಪಸರ, ಕೊಂಕಣಿಯ ‘ತೆರ್ಸ್’, ನಂಬಿಕೆಯನ್ನು ಕಾಯ್ದಿತು. ಅದರ ರಹಸ್ಯಗಳ ಧ್ಯಾನದಲ್ಲಿ ಯೇಸುವಿನ ಜನನದಿಂದ ಪುನರುತ್ಥಾನದವರೆಗಿನ ಕಥೆ ಇದೆ. ಓದು ಬಾರದ ಅಜ್ಜಿಯೂ ಮಣಿ ಎಣಿಸುತ್ತ ಶುಭಸಂದೇಶವನ್ನು ಬಾಯಿಪಾಠವಾಗಿ ಬಲ್ಲಳು. ಪ್ರಾಟೆಸ್ಟಂಟ್ ಮನೆಯಲ್ಲಿ ಆ ಜಾಗವನ್ನು ತುಂಬಿದ್ದು ಕುಟುಂಬ ಪ್ರಾರ್ಥನೆ: ಒಂದು ಕೀರ್ತನೆ, ಸತ್ಯವೇದದ ಒಂದು ಅಧ್ಯಾಯ, ಮನೆಯ ಹಿರಿಯರ ಪ್ರಾರ್ಥನೆ. ಇಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವುದೇ ಭಕ್ತಿಯ ಭಾಗವಾಯಿತು. ಪರಂಪರೆ ಎಂಬ ಪದಕ್ಕೆ ದೇವಶಾಸ್ತ್ರ ಕೊಡುವ ಅರ್ಥ ಮೊದಲ ಮನೆಯಲ್ಲಿಯೂ, ಸ್ಪಷ್ಟತೆಗೆ ಕೊಡುವ ಅರ್ಥ ಎರಡನೆಯ ಮನೆಯಲ್ಲಿಯೂ ಬದುಕಾಗಿ ಕಾಣುತ್ತದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾದಾಗ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾದವು. ಬಾಸೆಲ್ ಮಿಷನ್ ಸಭೆಗಳೂ ಕ್ರಮೇಣ ಅದರಲ್ಲಿ ಸೇರಿದವು. ರಕ್ಷಣೆಗೆ ಬೇಕಾದುದೆಲ್ಲ ಪವಿತ್ರ ಗ್ರಂಥದಲ್ಲಿದೆ ಎಂಬುದನ್ನು ಅದರ ಸಂವಿಧಾನ ಎತ್ತಿಹಿಡಿಯುತ್ತದೆ. ಜೊತೆಗೆ ಪ್ರೇಷಿತರ ಮತ್ತು ನೈಸೀಯ ವಿಶ್ವಾಸಪ್ರಮಾಣಗಳನ್ನೂ ಬಿಷಪರ ಪದವಿಯನ್ನೂ ಸ್ವೀಕರಿಸುತ್ತದೆ. ಕಥೋಲಿಕರ ಕಡೆ, 1963ರ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾಯಿತು. ಚಿಕ್ಕಮಗಳೂರಿನ ಸಂತ ಜೋಸೆಫರ ದೇವಾಲಯ ಅದರ ಪ್ರಧಾನಾಲಯ. ಆಲ್ಫೋನ್ಸಸ್ ಮಥಾಯಸ್ ಅದರ ಮೊದಲ ಧರ್ಮಾಧ್ಯಕ್ಷರು. ಆ ಹೊತ್ತಿಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು.

ಬಾಗಿಲು ತೆರೆದ ಕಾಲ

ಕಥೋಲಿಕ ನಿಲುವಿನಲ್ಲಿ ಬದಲಾವಣೆ ಒಮ್ಮೆಲೇ ಆಗಲಿಲ್ಲ. 1893ರಲ್ಲಿ 13ನೆಯ ಲಿಯೊ, 1943ರಲ್ಲಿ 12ನೆಯ ಪಿಯುಸ್ ಬೈಬಲ್ ಅಧ್ಯಯನಕ್ಕೆ ಪ್ರೋತ್ಸಾಹ ಕೊಟ್ಟಿದ್ದರು. 1965ರ ನವೆಂಬರ್ 18ರಂದು ವ್ಯಾಟಿಕನ್ ಮಹಾಸಭೆ ದೈವಪ್ರಕಟಣೆಯನ್ನು ಕುರಿತ ‘ದೇಯಿ ವೆರ್ಬುಮ್’ ಎಂಬ ಶಾಸನವನ್ನು ಅಂಗೀಕರಿಸಿತು. ಗ್ರಂಥವೂ ಪರಂಪರೆಯೂ ಒಂದೇ ದೈವೀ ಊಟೆಯಿಂದ ಹರಿಯುತ್ತವೆ, ಬೋಧನಾಧಿಕಾರ ದೇವರ ವಾಕ್ಯದ ಮೇಲಲ್ಲ, ಅದರ ಸೇವೆಯಲ್ಲಿದೆ, ವಿಶ್ವಾಸಿಗಳೆಲ್ಲರಿಗೂ ಗ್ರಂಥ ಸುಲಭವಾಗಿ ದೊರೆಯಬೇಕು ಎಂಬುದು ಅದರ ಬೋಧನೆ. 1963ರಲ್ಲಿ ಮಾಂಟ್ರಿಯಲ್‌ನ ಐಕ್ಯ ಸಮ್ಮೇಳನದಲ್ಲಿ ಪ್ರಾಟೆಸ್ಟಂಟರೂ ಆರ್ಥಡಾಕ್ಸರೂ, ಸುವಾರ್ತೆಯೇ ಆದ ಒಂದು ಮಹಾಪರಂಪರೆಯನ್ನೂ ಮನುಷ್ಯರ ಬೇರೆ ಬೇರೆ ಸಂಪ್ರದಾಯಗಳನ್ನೂ ಬೇರೆ ಮಾಡಿ ನೋಡಲು ಕಲಿತಿದ್ದರು. ಬರಿಯ ಗ್ರಂಥ ಎಂಬುದು ಯಾರಿಗೂ ಬರಿಯ ಕೈಯಲ್ಲಿ ಸಿಗುವುದಿಲ್ಲ ಎಂದು ಅವರೂ ಒಪ್ಪಿದರು.

ಕರ್ನಾಟಕದಲ್ಲಿ ಇದರ ಫಲ ಬೇಗ ಕಾಣಿಸಿತು. 1967ರಲ್ಲಿ ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಕಥೋಲಿಕರ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ ಆರಂಭವಾಯಿತು. ಲತೀನಿನ ಜಾಗದಲ್ಲಿ ಕನ್ನಡ, ಕೊಂಕಣಿ ಬಂದವು. ಭಾನುವಾರದ ವಾಚನಗಳ ಮೂರು ವರ್ಷದ ಸರಣಿ ಬೈಬಲನ್ನು ಹಿಂದಿಗಿಂತ ಹೆಚ್ಚಾಗಿ ಜನರ ಕಿವಿಗೆ ತಲುಪಿಸಿತು. 1968ರಲ್ಲಿ ಬೈಬಲ್ ಸೊಸೈಟಿಗಳೂ ವ್ಯಾಟಿಕನ್ನಿನ ಐಕ್ಯ ಕಾರ್ಯಾಲಯವೂ ಜಂಟಿ ಅನುವಾದಕ್ಕೆ ಮಾರ್ಗಸೂಚಿಗಳನ್ನು ಒಪ್ಪಿಕೊಂಡವು. ಒಂದು ಕಾಲದಲ್ಲಿ ಪೋಪರು ಖಂಡಿಸಿದ್ದ ಸೊಸೈಟಿಯ ಪರಂಪರೆಯೇ ಕಥೋಲಿಕರೊಡನೆ ಕೂಡಿ ಕನ್ನಡದಲ್ಲಿ ಆಡುಮಾತಿಗೆ ಹತ್ತಿರವಾದ ‘ಪವಿತ್ರ ಬೈಬಲ್’ ಅನ್ನು ತಂದಿತು. ಪ್ರಾಟೆಸ್ಟಂಟರು ಹೊರಗಿಟ್ಟ ಎರಡನೆಯ ಶ್ರೇಣಿಯ ಗ್ರಂಥಗಳು ಸೇರಿದ ಆವೃತ್ತಿಯೂ ಅದಕ್ಕಿದೆ.

ಎರಡು ಬೈಬಲುಗಳ ಕನ್ನಡ

ಇಂದಿಗೂ ಕನ್ನಡ ಕ್ರೈಸ್ತರ ಮಾತು ಕೇಳಿದರೆ ಯಾವ ಸಭೆಯವರೆಂದು ಗೊತ್ತಾಗುತ್ತದೆ. ಪ್ರಾಟೆಸ್ಟಂಟರದು ಸತ್ಯವೇದ, ಸುವಾರ್ತೆ, ಅಪೊಸ್ತಲ, ದೀಕ್ಷಾಸ್ನಾನ, ಸಭೆ. ಕಥೋಲಿಕರದು ಪವಿತ್ರ ಬೈಬಲ್, ಶುಭಸಂದೇಶ, ಪ್ರೇಷಿತ, ಜ್ಞಾನಸ್ನಾನ, ಧರ್ಮಸಭೆ. ಇಸ್ರಯೇಲರ ದೇವರ ಹೆಸರು ಹಳೆಯ ಸತ್ಯವೇದದಲ್ಲಿ ಯೆಹೋವ, ಪವಿತ್ರ ಬೈಬಲಿನಲ್ಲಿ ಸರ್ವೇಶ್ವರ. ದೇವದೂತ ಮರಿಯಳನ್ನು ಕರೆಯುವ ಮಾತಿಗೆ ಕಥೋಲಿಕ ಪ್ರಾರ್ಥನೆಯಲ್ಲಿ ‘ವರಪ್ರಸಾದಪೂರ್ಣೆ’ ಎಂಬ ಪದ ನೆಲೆಸಿದೆ. ದೇವರ ದಯೆಗೆ ಪಾತ್ರಳಾದವಳು ಎಂಬ ಅರ್ಥವನ್ನು ಪ್ರಾಟೆಸ್ಟಂಟರು ಹಿಡಿಯುತ್ತಾರೆ. ಮರಿಯಮ್ಮನವರ ಸ್ಥಾನದ ಬಗ್ಗೆ ನಡೆದ ದೊಡ್ಡ ವಾದ ಈ ಒಂದು ಪದದ ಆಯ್ಕೆಯಲ್ಲಿ ಅಡಗಿದೆ. ಪರಾದೊಸಿಸ್ ಎಂಬ ಗ್ರೀಕ್ ಪದವನ್ನು ಸಂಪ್ರದಾಯ ಎನ್ನಬೇಕೇ, ಪರಂಪರೆ ಎನ್ನಬೇಕೇ, ಬೋಧನೆ ಎನ್ನಬೇಕೇ ಎಂಬುದೂ ಹಾಗೆಯೇ. ಅನುವಾದಕ ಪದ ಆರಿಸುವ ಗಳಿಗೆಯಲ್ಲಿಯೇ ವ್ಯಾಖ್ಯಾನ ಆರಂಭವಾಗಿರುತ್ತದೆ.

ಬೆಟ್ಟದ ನೆರೆಹೊರೆ

ಈ ಪ್ರಶ್ನೆ ಮಲೆನಾಡಿನ ಇತರರಿಗೆ ಅಪರಿಚಿತವಲ್ಲ. ಇದೇ ಜಿಲ್ಲೆಯ ಶೃಂಗೇರಿಯಲ್ಲಿ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳನ್ನು ಶಂಕರರ ಭಾಷ್ಯದೊಡನೆ, ಗುರುಮುಖದಿಂದ ಕಲಿಯುವ ಪರಂಪರೆ ನಡೆದುಬಂದಿದೆ. 12ನೆಯ ಶತಮಾನದ ಶರಣರು ಸಂಸ್ಕೃತವನ್ನು ಕಾಯದೆ ಅನುಭಾವವನ್ನು ನೇರ ಕನ್ನಡದಲ್ಲಿ ನುಡಿದರು. ಆಮೇಲೆ ಅವರ ವಚನಗಳಿಗೂ ಟೀಕೆಗಳು, ‘ಶೂನ್ಯಸಂಪಾದನೆ’ಯಂಥ ಸಂಯೋಜನೆಗಳು ಹುಟ್ಟಿದವು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ವೇದದ ಪ್ರಾಮಾಣ್ಯದ ಕಲ್ಪನೆಯೂ ಬೈಬಲಿನ ಪ್ರಾಮಾಣ್ಯದ ಕಲ್ಪನೆಯೂ ಒಂದೇ ಅಲ್ಲ. ಆದರೂ ನೇರ ಮಾತಿನ ಹಂಬಲ, ಗುರುವಿನ ಅಗತ್ಯ ಇವೆರಡರ ನಡುವಿನ ಸೆಳೆತ ಕನ್ನಡ ಓದುಗರಿಗೆ ತಮ್ಮದೇ ಸಾಹಿತ್ಯದಿಂದ ಗೊತ್ತು.

ಉಳಿದಿರುವ ಭಿನ್ನತೆ

ಇಂದು ಕಥೋಲಿಕರು ಬೈಬಲನ್ನು ಮನೆಮನೆಗೆ ಕೊಡುತ್ತಾರೆ. ಪ್ರಾಟೆಸ್ಟಂಟರ ಮುಖ್ಯ ಸಭೆಗಳು ಪ್ರಾಚೀನ ವಿಶ್ವಾಸಪ್ರಮಾಣ, ಪೂಜಾಕ್ರಮ, ಆದಿಪಿತೃಗಳ ವ್ಯಾಖ್ಯಾನಗಳನ್ನು ಗೌರವದಿಂದ ಓದುತ್ತವೆ. ಕಳೆದ ಕೆಲವು ದಶಕಗಳಲ್ಲಿ ಬೆಳೆದ ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಗ್ರಂಥವೊಂದೇ ಸಾಕೆಂಬ ನಿಲುವು ಗಟ್ಟಿಯಾಗಿದೆ. ಪ್ರತಿ ಬೋಧಕರೂ ತಮ್ಮದೇ ಅರ್ಥ ಹೇಳುವ ಸ್ಥಿತಿಯನ್ನು ಕಂಡಾಗ ಹಳೆಯ ಕಥೋಲಿಕ ಆಕ್ಷೇಪ ಮತ್ತೆ ಕೇಳಿಬರುತ್ತದೆ. ಗುರುಗಳ ಮಾತನ್ನು ಗ್ರಂಥದೊಡನೆ ಒರೆಹಚ್ಚಿ ನೋಡುವ ಹಕ್ಕು ಸಾಮಾನ್ಯ ವಿಶ್ವಾಸಿಗೆ ಬೇಡವೇ ಎಂಬ ಲೂಥರನ ಪ್ರಶ್ನೆಯೂ ಅಷ್ಟೇ ಜೀವಂತವಾಗಿದೆ.

ಆದ್ದರಿಂದ ಬೈಬಲ್ ಯಾರ ಕೈಯಲ್ಲಿರಬೇಕು ಎಂಬ ವಾದ ಮುಗಿದಿದೆ. ಅರ್ಥದ ಬಗ್ಗೆ ಇಬ್ಬರಿಗೆ ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದು ಎಂಬ ವಾದ ಉಳಿದಿದೆ. ಧರ್ಮಸಭೆಯ ಬೋಧನಾಧಿಕಾರದ್ದು ಎನ್ನುತ್ತಾರೆ ಕಥೋಲಿಕರು. ಯಾವ ಸಭೆಯ ತೀರ್ಪನ್ನೂ ಗ್ರಂಥವೇ ಮತ್ತೆ ತಿದ್ದಬಲ್ಲದು ಎನ್ನುತ್ತಾರೆ ಪ್ರಾಟೆಸ್ಟಂಟರು. ಕನ್ನಡ ನಾಡಿನ ಇನ್ನೂರು ವರ್ಷದ ಅನುಭವ ಈ ವಾದವನ್ನು ತೀರ್ಮಾನಿಸಿಲ್ಲ. ಆದರೆ ಅದು ಎರಡೂ ಕಡೆಯವರಿಗೆ ಒಂದು ಋಣವನ್ನು ನೆನಪಿಸುತ್ತದೆ. ಕರುವಿನ ಮಾತಿನಿಂದ ನೊಂದ ಜನರ ಮನಸ್ಸನ್ನು ದುಬ್ವಾ ಗಮನಿಸಿದ್ದರಿಂದ, ಹ್ಯಾಂಡ್ಸ್ ಅನುವಾದವನ್ನು ಕೈಬಿಡದಿದ್ದರಿಂದ, ವೈಗ್ಲೆ ಅದನ್ನು ತಿದ್ದಿದ್ದರಿಂದ, ಓದು ಬಾರದ ತಾಯಂದಿರು ಜಪಮಣಿಯಲ್ಲಿ ಕಥೆಯನ್ನು ಕಾಪಾಡಿದ್ದರಿಂದ ಮೂಡಿಗೆರೆಯ ಒಂದು ತೋಟದ ಮನೆಯಲ್ಲಿ ಇಂದು ಬೈಬಲ್ ತೆರೆದಾಗ ಅದು ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ, ಮನೆಯವರಿಗೆ ತಿಳಿಯುವ ಮಾತಿನಲ್ಲಿ ತೆರೆದುಕೊಳ್ಳುತ್ತದೆ.